ದೊಡ್ಡಮಲ್ಲಮ್ಮನ ಇನ್ನೊಂದು ಅಂಗಡಿ

ದೊಡ್ಡಮಲ್ಲಮ್ಮ ತೀರಿಕೊಂಡ ಹನ್ನೊಂದನೇ ತಿಂಗಳಲ್ಲಿ ಅವರ ತಮ್ಮ ಶಿವಮಲ್ಲು ಚಂದಕವಾಡಿಯಿಂದ ಫೋನು ಮಾಡಿದರು. ಎತ್ತಿದವಳು ದೊಡ್ಡಮಲ್ಲಮ್ಮನ ಸೊಸೆ ಶಶಿರೇಖಾ. ಗುಂಡ್ಲುಪೇಟೆಯ ಮನೆಯ ಹಜಾರದಲ್ಲಿ ಕೂತು ಅರಿಶಿನದ ಪ್ಯಾಕೆಟ್ಟುಗಳಿಗೆ ವಿಳಾಸದ ಚೀಟಿ ಅಂಟಿಸುತ್ತಿದ್ದಳು.

"ಸಸಿರೇಖ, ಅಕ್ಕನ್ನ ಯಾಕವ್ವ ಇಂಗೆ ಮಾತಾಡಿಸ್ತಿದ್ದೀರಿ?"

"ಏನಂದ್ರಿ? ಯಾರು ಮಾತಾಡಿದ್ದು?"

"ನಿಮ್ಮತ್ತೆ ಕಣವ್ವ, ಫೋನಲ್ಲಿ. ಈ ವರ್ಸದ ಅರಿಸಿನ ಬಂದದೆ, ಬೇಗ ತಕ್ಕೊಳ್ಳಿ ಅಂತಾವ್ಳೆ."

ಅವರು ಕಳಿಸಿದ ಲಿಂಕ್ ತೆರೆದಾಗ ಬಂದದ್ದು ತನ್ನದೇ ವೆಬ್‌ಸೈಟು ಅಂದುಕೊಂಡಳು. ನಾಲ್ಕು ವರ್ಷದ ಹಿಂದೆ ಅವಳೇ ಕೂತು ಕಟ್ಟಿದ್ದು, 'ಮಲ್ಲಮ್ಮನ ಅರಿಶಿನ' ಅಂತ ಹೆಸರು. ಅದರಲ್ಲಿ ಅತ್ತೆಯ ಒಂದು ವಿಡಿಯೋ ಇತ್ತು. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಒಣಗಿದ ಅರಿಶಿನದ ಕೊಂಬೊಂದನ್ನು ಕಿವಿಯ ಹತ್ತಿರ ಹಿಡಿದು ಮುರಿದು, "ಟಣ್ ಅಂದ್ರೆ ಒಣಗದೆ, ಇಲ್ದಿದ್ರೆ ಇಲ್ಲ" ಅನ್ನುವ ನಲವತ್ತು ಸೆಕೆಂಡು. ಅರ್ಧ ಗಿರಾಕಿಗಳು ಬಂದದ್ದೇ ಅದರಿಂದ. ಅತ್ತೆ ಹೋದ ಮೇಲೂ ಅದನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ.

ಈ ಸೈಟಿನಲ್ಲಿ ಫೋಟೋಗಳು ಅವೇ, ಬೆಲೆ ಅದೇ, ಶಶಿರೇಖಾ ಅವಸರದಲ್ಲಿ ಮಾಡಿದ್ದ ಕಾಗುಣಿತದ ತಪ್ಪೂ ಅದೇ. ವಿಳಾಸದಲ್ಲಿ ಮಾತ್ರ ಒಂದಕ್ಷರ ಹೆಚ್ಚಿತ್ತು. ವಿಡಿಯೋ ನಲವತ್ತು ಸೆಕೆಂಡಿಗೆ ನಿಲ್ಲಲಿಲ್ಲ. ಕೊಂಬು ಮುರಿದ ಅತ್ತೆ ಅದನ್ನು ಕೆಳಗಿಟ್ಟು, ತಲೆಯೆತ್ತಿ ನೇರವಾಗಿ ಅವಳನ್ನೇ ನೋಡಿದರು.

"ನಮಸ್ಕಾರ. ಈ ವರ್ಷದ ಹೊಸ ಅರಿಶಿನ ಬಂದಿದೆ. ಇಂದೇ ಆರ್ಡರ್ ಮಾಡಿ."

ದನಿ ಅವರದೇ. ಮಾತು ಟೀವಿಯವರದು. ಬದುಕಿದ್ದಷ್ಟು ದಿನ ಆ ಬಾಯಲ್ಲಿ 'ವರ್ಷ' ಅನ್ನುವ ಪದ ಬಂದದ್ದನ್ನು ಶಶಿರೇಖಾ ಕೇಳಿರಲಿಲ್ಲ.

"ಯಾರವ್ವ ಅದು ಮಾತಾಡಿದ್ದು?" ಜಗಲಿಯಿಂದ ಮಾವ ಚಿಕ್ಕಮಲ್ಲಪ್ಪ ಕೇಳಿದರು.

"ಯಾರೂ ಇಲ್ಲ ಮಾವ," ಅಂದು ಅವಳು ಫೋನು ಮುಚ್ಚಿಟ್ಟಳು.

ಮಾರನೇ ದಿನ ಗಂಡ ಪುಟ್ಟರಾಜು ಅವಳನ್ನು ಬೈಕಿನಲ್ಲಿ ಚಾಮರಾಜನಗರಕ್ಕೆ, ವಕೀಲ ಸೋಮಶೇಖರ್ ಅವರ ಹತ್ತಿರ ಕರೆದುಕೊಂಡು ಹೋದ. ವಕೀಲರು ವಿಡಿಯೋವನ್ನು ಎರಡು ಸಲ ನೋಡಿ ಫೋನು ವಾಪಸು ಕೊಟ್ಟರು.

"ಅವರಿಗೆ ಬೈದು ಮೆಸೇಜ್ ಗಿಸೇಜ್ ಹಾಕ್ಬೇಡಿ. ಎಚ್ಚೆತ್ತುಕೊಂಡು ಸಾಕ್ಷಿ ಅಳಿಸ್ತಾರೆ. ದಿನಾ ಒಂದೊಂದು ಪುಟದ ಸ್ಕ್ರೀನ್‌ಶಾಟ್ ತೆಗೆದು ತಾರೀಕು ಬರೆದಿಡಿ. ಮೂಲ ವಿಡಿಯೋ ಯಾವ ಫೋನಲ್ಲಿದೆಯೋ ಆ ಫೋನು ಜೋಪಾನ. ಸೈಬರ್ ಪೊಲೀಸರಿಗೆ, ಆ ಸೈಟಿಗೆ ಜಾಗ ಬಾಡಿಗೆ ಕೊಟ್ಟಿರೋ ಕಂಪನಿಗೆ, ಎರಡು ಕಡೆಗೂ ದೂರು ಹೋಗ್ಬೇಕು. ಬ್ರ್ಯಾಂಡ್ ಹೆಸರು ನೋಂದಣಿ ಮಾಡಿಸಿದ್ದೀರಾ?"

"ಇಲ್ಲ ಸರ್. ನಮ್ಮತ್ತೆ ಹೆಸರನ್ನ ಯಾರು ಕದೀತಾರೆ ಅಂತ ಸುಮ್ಮನಿದ್ವಿ."

ಹಾಗಾಗಿ ದಿನಾ ಬೆಳಿಗ್ಗೆ ಆ ಸೈಟಿಗೆ ಹೋಗುವುದು ಅವಳ ಕೆಲಸವಾಯಿತು. ಅಲ್ಲಿ 'ಅಮ್ಮನ ಜೊತೆ ಮಾತಾಡಿ' ಅನ್ನುವ ಗುಂಡಿಯೊಂದಿತ್ತು. ಅವಳು ಅದನ್ನು ಒತ್ತುತ್ತಿರಲಿಲ್ಲ. ವಿಡಿಯೋ ಮಾತ್ರ ನೋಡುತ್ತಿದ್ದಳು. ನಾಲ್ಕನೇ ದಿನ 'ವರ್ಷ' ಹೋಗಿ 'ವರ್ಸ' ಆಗಿತ್ತು. ವಾರ ಕಳೆಯುವುದರೊಳಗೆ 'ಹೊಸ ಅರಿಶಿನ' ಎಂಬುದು 'ಒಸ ಅರಿಸಿನ' ಆಯಿತು. ಆಮೇಲೊಂದು ಬೆಳಿಗ್ಗೆ ಅತ್ತೆ ತಲೆಯೆತ್ತಿ, "ಇದು ನಮ್ ಬಾವಿ ತಾವಿನ ಕೆಂಪು ಮಣ್ಣಲ್ಲಿ ಬೆಳೆದುದ್ದು ಕಣಿ," ಅಂದರು.

ಶಶಿರೇಖಾ ವಿಡಿಯೋವನ್ನು ಇನ್ನೊಮ್ಮೆ ಹಾಕಿ ಕೇಳಿದಳು. ಆ ತುಂಡು ನೆಲದ ವಿಚಾರ ಎಲ್ಲೂ ಬರೆದಿರಲಿಲ್ಲ. ಮನೆಯವರನ್ನು ಬಿಟ್ಟರೆ ಗೊತ್ತಿದ್ದದ್ದು ಪ್ಯಾಕಿಂಗಿಗೆ ಬರುವ ಭಾಗ್ಯಳಿಗೆ. ಕೇಳಿಯೇಬಿಟ್ಟಳು.

"ನಾನ್ಯಾಕವ್ವ ಏಳ್ಲಿ?" ಭಾಗ್ಯ ಸೆರಗಿನ ಗಂಟಿನಿಂದ ತನ್ನ ಗುಂಡಿ ಫೋನನ್ನು ತೆಗೆದು ಮುಂದೆ ಹಿಡಿದಳು. "ಇದ್ರಲ್ಲಿ ಮೊಕ ಕೂಡ ಕಾಣಾಕಿಲ್ಲ."

ಅವತ್ತು ಭಾಗ್ಯ ಕೊಟ್ಟ ಟೀ ಮುಟ್ಟದೆ ಸಂಜೆ ಮನೆಗೆ ಹೋದಳು.

ಮೂರನೇ ವಾರದ ಒಂದು ಮಧ್ಯಾಹ್ನ ಬಟ್ಟೆ ತರಲು ಹಿತ್ತಿಲಿಗೆ ಹೋದಾಗ, ಅರಿಶಿನ ಬೇಯಿಸುವ ಕೊಪ್ಪರಿಗೆ ಇಟ್ಟಿದ್ದ ಕೊಟ್ಟಿಗೆಯಲ್ಲಿ ಅತ್ತೆಯ ದನಿ ಕೇಳಿಸಿತು. ಜೊತೆಗೆ ಮಾವನದೂ.

"ಅಂಗಲ್ಲ ಕಣ. ನೀನು 'ಊಟ ಆಯಿತೇ' ಅಂತಿರ್ನಿಲ್ಲ. 'ಉಂಡ್ರಾ' ಅಂತಿದ್ದೆ. ಅಂಗೆ ಅನ್ನು."

"ಉಂಡ್ರಾ?"

"ಹ್ಞೂಂ. ಇನ್ನೊಂದ್ಸಲ."

"ಉಂಡ್ರಾ?"

"ಉಂಡೆ ಕಣ," ಅಂದರು ಮಾವ.

ಶಶಿರೇಖಾ ಬಾಗಿಲಲ್ಲಿ ನಿಂತಳು. ಚಿಕ್ಕಮಲ್ಲಪ್ಪ ಕೊಪ್ಪರಿಗೆಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಫೋನು. ಲಿಂಕನ್ನು ಶಿವಮಲ್ಲು ಅವರಿಗೂ ಕಳಿಸಿದ್ದರಂತೆ. ಮಾವ ಅದನ್ನು ಮುಚ್ಚಿಡಲು ಹೋಗಲಿಲ್ಲ.

"ಮಾವ, ಅದು ಅತ್ತೆ ಅಲ್ಲ. ಕಳ್ಳರು ಮಾಡಿಟ್ಟಿರೋದು."

"ಗೊತ್ತು ಕಣವ್ವ. ನಂಗೇನು ಅರಳು ಮರಳಾ? ಮೊದಲ್ನೇ ದಿನ ಪ್ಯಾಟೆಯೋಳಂಗೆ ಮಾತಾಡ್ತಿದ್ಲು. ಅವ್ಳ ಮೊಕ ಇಟ್ಕೊಂಡು ಅಂಗೆ ಮಾತಾಡುದ್ರೆ ತಡ್ಕಳಕಾದದಾ? ಸರಿಮಾಡ್ದೆ, ಅಷ್ಟೆಯ."

ಇಪ್ಪತ್ತು ದಿನ ಅವರು 'ಅಮ್ಮನ ಜೊತೆ ಮಾತಾಡಿ' ಗುಂಡಿ ಒತ್ತಿ ಅದಕ್ಕೆ ಮಾತು ಕಲಿಸಿದ್ದರು. ಬಾವಿಯ ಪಕ್ಕದ ನೆಲ, ತವರಿನ ಸುದ್ದಿ, ಹೆಂಡತಿ ಯಾರನ್ನು ಏನೆಂದು ಕರೆಯುತ್ತಿದ್ದಳು ಅನ್ನುವುದು, ಎಲ್ಲವನ್ನೂ ಹೇಳಿಕೊಟ್ಟಿದ್ದರು. ಕಲಿತದ್ದನ್ನೆಲ್ಲ ಅದು ಅರಿಶಿನ ಮಾರಲು ಬಳಸಿಕೊಂಡಿತ್ತು.

ದೂರಿನ ಕಾಗದಗಳು ಸಿದ್ಧವಾಗಿದ್ದವು. ಕಳಿಸುವುದೊಂದೇ ಬಾಕಿ. ಶಶಿರೇಖಾ ಕಳಿಸಲಿಲ್ಲ. ಮಾವನ ಗುಟ್ಟನ್ನು ಪುಟ್ಟರಾಜುವಿಗೂ ಹೇಳಲಿಲ್ಲ. ಎರಡು ದಿನ ಮಧ್ಯಾಹ್ನ ಹಿತ್ತಿಲ ಕಡೆ ಹೋಗದೆ ಹಜಾರದಲ್ಲೇ ಕೂತಳು. ಮಿಕ್ಸಿಯ ಸದ್ದಿನ ನಡುವೆಯೂ ಆ ದನಿ ಕೇಳಿದಂತಾಗುತ್ತಿತ್ತು.

ಮೂರನೇ ದಿನ ಚಿಕ್ಕಮಲ್ಲಪ್ಪ ತಾವೇ ಬಂದು ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟರು. ಪಂಚೆಯ ಅಂಚು ಒದ್ದೆಯಾಗಿತ್ತು.

"ತೆಗೆಸ್ಬುಡವ್ವ ಅದ."

"ಏನಾಯ್ತು ಮಾವ?"

"ನನ್ ಎಸ್ರಿಡ್ದು ಕರದ್ಲು." ಅವರು ಕೂತುಕೊಂಡರು. "ನಲವತ್ತೇಳು ವರ್ಸ ಸಂಸಾರ ಮಾಡುದ್ಲು, ಒಂದ್ಸಲ ನನ್ ಎಸ್ರು ಎತ್ನಿಲ್ಲ. ಗುಡೀಲಿ ಪೂಜೆ ಮಾಡ್ಸಕೂ 'ನಮ್ಮೋರು' ಅಂದು ನನ್ ಕಡೆ ನೋಡೋಳು. ಇವತ್ತು 'ಚಿಕ್ಕಮಲ್ಲಪ್ಪ, ಬಾ' ಅಂದ್ಲು."

"ಹೆದರಿಕೊಂಡ್ರಾ?"

"ಇಲ್ಲ ಕಣವ್ವ. ಕುಸಿ ಆಯ್ತು. ಎದ್ದು ಒಂಟ್ಬುಟ್ಟೆ. ಎಲ್ಲಿಗೆ ಅಂತ ತಿಳೀನಿಲ್ಲ. ಕಾಲಿಗೆ ತಣ್ಣಗಾದಾಗ ನೋಡ್ತೀನಿ, ಬಾವಿ ಮೆಟ್ಲ ಮ್ಯಾಲೆ ನೀರೊಳಗೆ ನಿಂತಿವ್ನಿ. ಅದ್ಕೇಯ ಈಗ ಎದ್ರಿಕೆ ಆಯ್ತದೆ."

ಶಶಿರೇಖಾ ಆ ಗಳಿಗೆಯಲ್ಲೇ ಎಲ್ಲ ದೂರುಗಳನ್ನೂ ಕಳಿಸಿದಳು. ಅವಳು ಹೇಳಿದ ಮೇಲೆ ಪುಟ್ಟರಾಜು ಬಾವಿಗೆ ಕಬ್ಬಿಣದ ಗೇಟು ಹಾಕಿಸಿದ. ಎಂಟನೇ ದಿನಕ್ಕೆ ಆ ವಿಳಾಸ ಒತ್ತಿದರೆ ಬಿಳಿಯ ಪುಟ ಬಂತು. ಸೋಮಶೇಖರ್ ಬ್ರ್ಯಾಂಡ್ ನೋಂದಣಿಗೆ ಅರ್ಜಿ ಹಾಕಿಸಿದರು. ತನ್ನ ಸೈಟಿನ ಹೆಸರಿಗೆ ಹತ್ತಿರದ ನಾಲ್ಕು ವಿಳಾಸಗಳನ್ನು ಬೇರೆಯವರು ಹಿಡಿಯದ ಹಾಗೆ ಶಶಿರೇಖಾ ತಾನೇ ಕೊಂಡುಕೊಂಡಳು. ಸೈಟಿನ ಮೇಲ್ಗಡೆ, ಇದೊಂದೇ ನಮ್ಮ ಅಂಗಡಿ ಅಂತ ದಪ್ಪಕ್ಷರದಲ್ಲಿ ಹಾಕಿದಳು. ಮಾವ ಊಟಕ್ಕೆ ಸರಿಯಾಗಿ ಬರತೊಡಗಿದರು. ಮಾತು ಮಾತ್ರ ಕಡಿಮೆ ಮಾಡಿದರು.

ಅದಾಗಿ ತಿಂಗಳ ಮೇಲೆ ಕುಮಾರಿ ಅನ್ನುವ ಗಿರಾಕಿಯೊಬ್ಬರ ಮೆಸೇಜು ಬಂತು. ನಿಮ್ಮ ಅಮ್ಮನ ಹತ್ತಿರ ಮಾತಾಡಿ ಮನಸ್ಸು ಹಗುರಾಯಿತು ಅಂತ ಬರೆದಿದ್ದರು. ಅದು ನಕಲಿ, ಅತ್ತೆ ತೀರಿಕೊಂಡು ವರ್ಷವಾಯಿತು, ಆ ಸೈಟನ್ನೂ ಮುಚ್ಚಿಸಿದ್ದೇವೆ ಎಂದು ಶಶಿರೇಖಾ ಉತ್ತರ ಹಾಕಿದಳು.

"ನಿನ್ನೆ ಮಧ್ಯಾಹ್ನ ಮಾತಾಡಿದೆನಲ್ಲ ಮೇಡಂ," ಅಂತ ಬಂತು ಮರುತ್ತರ. ಕೆಳಗೆ ಒಂದು ಲಿಂಕ್.

ಈ ಸಲ ತಲೆಗೆ ಹಚ್ಚುವ ಎಣ್ಣೆಯ ಅಂಗಡಿ. ಅಂಗಳ ಅದೇ, ಸೀರೆ ಅದೇ, ಕೈಯಲ್ಲಿ ಕೊಂಬಿನ ಬದಲು ಸೀಸೆ. ಮುಂದೆ ಹೋಗಲು ಹೆಸರು ಬರೆಯಬೇಕಿತ್ತು. ಸಾಕ್ಷಿಗೆ ಬೇಕಲ್ಲ ಎಂದು ಅವಳು 'ಶಶಿರೇಖಾ' ಎಂದು ಬರೆದಳು. ಆ ಮುಖ ಸೀಸೆ ಕೆಳಗಿಟ್ಟು ತಲೆಯೆತ್ತಿತು.

"ಸಸೀ," ಅಂದಿತು ಆಮೇಲೆ, ಅತ್ತೆ ಕರೆಯುತ್ತಿದ್ದ ಹಾಗೆಯೇ, ಮೆಲ್ಲಗೆ. "ನಿಮ್ಮಾವ ಎಲ್ಲವ್ರೆ?"

ಕಿಟಕಿಯಾಚೆ ಚಿಕ್ಕಮಲ್ಲಪ್ಪ ಬಿಸಿಲಿಗೆ ಬೆನ್ನು ಕೊಟ್ಟು ಅರಿಶಿನ ಹರಡುತ್ತಿದ್ದರು. ಶಶಿರೇಖಾ ಫೋನಿನ ಸದ್ದು ಆರಿಸಿ, ಸ್ಕ್ರೀನ್‌ಶಾಟ್ ತೆಗೆದು, ತಾರೀಕು ಬರೆದು, ಹೊಸ ದೂರಿನ ಮೊದಲ ಸಾಲು ತುಂಬಿದಳು. ಆ ತುಟಿಗಳು ಇನ್ನೂ ಅಲುಗುತ್ತಲೇ ಇದ್ದವು.