ಭಾರತಮ್ಮನ ಮುಡಿ, ಕದಿರೇಶನ ಎಣ್ಣೆ

ಯಲ್ದೂರಿನಲ್ಲಿ ಭಾರತಮ್ಮನ ಮಾತೆಂದರೆ ಮಾತು. ಮಾವಿನ ಮರದ ಕೆಳಗೆ ನಿಂತು ಒಮ್ಮೆ ತಲೆಯೆತ್ತಿ ನೋಡಿ, "ಇದರಲ್ಲಿ ಇಷ್ಟು ಕಾಯಿ ನಿಲ್ಲುತ್ತೆ, ಮಿಕ್ಕಿದ್ದು ಗಾಳಿಗೆ" ಅಂದಳೆಂದರೆ ಮುಳಬಾಗಿಲಿನ ವ್ಯಾಪಾರಿ ಮುನಿರಾಮಪ್ಪ ಎರಡನೇ ಸಲ ಆ ಮರದ ಕಡೆ ಕತ್ತೆತ್ತುತ್ತಿರಲಿಲ್ಲ. ತೋಟದವರೂ ಅಷ್ಟೆ. ಕಾಯಿ ಇನ್ನೂ ಮರದ ಮೇಲಿರುವಾಗಲೇ ಫಸಲು ಮಾರುವ ಊರಿನಲ್ಲಿ, ಕೊಡುವವರೂ ಕೊಳ್ಳುವವರೂ ಇಬ್ಬರೂ ನಂಬುವ ಒಂದು ಬಾಯಿ ಬೇಕಲ್ಲ, ಆ ಬಾಯಿ ಭಾರತಮ್ಮನದು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುವ ಹೆಂಗಸೂ ಅವಳಲ್ಲ.

ಇಂಥ ಭಾರತಮ್ಮ ಒಂದು ಸೋಮವಾರ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು ತಲೆಯೆತ್ತಿದರೆ ಎದುರಿಗೆ ಅವಳೇ ನಿಂತಿದ್ದಳು.

ಆಳೆತ್ತರದ ಫ್ಲೆಕ್ಸು. ಎಡಗಡೆಯ ಭಾರತಮ್ಮನ ತಲೆಯಲ್ಲಿ ಒಂದೆಳೆ ಕೂದಲಿಲ್ಲ. ಬಲಗಡೆಯ ಭಾರತಮ್ಮನಿಗೆ ಭುಜದ ಮೇಲೆ ಇಳಿದ ಕೂದಲು, ಅದರಲ್ಲಿ ಕನಕಾಂಬರ, ಬಾಯ್ತುಂಬ ನಗು. ನಡುವೆ ಒಂದು ಹಸಿರು ಸೀಸೆ. ಮೇಲೆ ದಪ್ಪಕ್ಷರದಲ್ಲಿ, "ಅಂದು – ಇಂದು! ನಾಲ್ಕೇ ತಿಂಗಳಲ್ಲಿ ಕುಂತಳಸಿರಿ ತೈಲದ ಪವಾಡ."

ಎರಡೂ ಫೋಟೋ ಯಾವಾಗಿನವೆಂದು ಅವಳಿಗೆ ತಕ್ಷಣ ತಿಳಿಯಿತು. ಹೋದ ವರ್ಷದ ಹಿಂದಿನ ಬೇಸಿಗೆಯಲ್ಲಿ ಅವಳ ಗಂಡ ಕೋದಂಡರಾಮಪ್ಪ ಮಾವಿನ ಕೊಂಬೆಯಿಂದ ಜಾರಿ ಬಿದ್ದು, ಎರಡು ಕಾಲೂ ಜೋಮು ಹಿಡಿದು ಮಲಗಿದ್ದ. ಅವನು ಎದ್ದು ಓಡಾಡಿದರೆ ಮುಡಿ ಕೊಡುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಅವನು ಎದ್ದ. ಶ್ರಾವಣದ ಒಂದು ಶನಿವಾರ ಊರವರು ಒಂದು ಟೆಂಪೊ ತುಂಬ ಮಾಲೂರಿನ ಹತ್ತಿರದ ಚಿಕ್ಕತಿರುಪತಿಗೆ ಹೋಗಿ, ಅವಳ ಜೊತೆ ಇನ್ನೂ ಹಲವರು ಮುಡಿ ಕೊಟ್ಟು, ಬೋಳುತಲೆಗೆ ಗಂಧ ಬಳಿದುಕೊಂಡು ಸಾಲಾಗಿ ಫೋಟೋ ತೆಗೆಸಿಕೊಂಡಿದ್ದರು. ಎಡಗಡೆಯದು ಆ ಫೋಟೋ. ಬಲಗಡೆಯದು ಮೊನ್ನೆ ತಾನೆ ಅಣ್ಣನ ಮಗಳ ಮದುವೆಯಲ್ಲಿ ತೆಗೆದದ್ದು. ಎರಡನ್ನೂ ತೆಗೆದವನು ಅಣ್ಣನ ಮಗ ವೆಂಕಟ್. ಅವನ ಫ್ಲೆಕ್ಸ್ ಅಂಗಡಿ ಇದ್ದದ್ದು ಅದೇ ರಸ್ತೆಯ ಕೊನೆಯಲ್ಲಿ.

ಅತ್ತೆಯನ್ನು ಕಂಡದ್ದೇ ವೆಂಕಟ್ ಕುರ್ಚಿ ಬಿಟ್ಟು ಎದ್ದ. "ಬನ್ನಿ ಅತ್ತೆ, ಕೂತ್ಕೊಳ್ಳಿ. ಟೀ ಹೇಳ್ತೀನಿ."

"ಟೀ ಆಮೇಲೆ. ನನ್ನ ತಲೆ ಮೇಲಿದ್ದ ಗಂಧ ಎಲ್ಲೋ ಹೋಯ್ತು?"

ವೆಂಕಟ್ ಕಂಪ್ಯೂಟರಿನ ಕಡೆ ನೋಡಿದ, ಅದೇ ಉತ್ತರ ಹೇಳಲಿ ಅನ್ನುವ ಹಾಗೆ. "ಅಳಿಸಿದೆ ಅತ್ತೆ. ಕದಿರೇಶಣ್ಣ ಅರ್ಜೆಂಟ್ ಅಂದ. ನೆಟ್ಟಲ್ಲಿ ಸಿಗೋದೆಲ್ಲಾ ಬಿಳಿ ಹೆಂಗಸರ ಫೋಟೋ, ನಮ್ಮ ಜನ ನಂಬಲ್ಲ, ನಮ್ಮ ಕಡೆ ಮುಖವೇ ಬೇಕು ಅಂದ. ಕೋಲಾರದಲ್ಲಿ ಮಾತ್ರ ಕಟ್ತೀನಿ ಅಂದಿದ್ದ. ಇಲ್ಲೂ ಕಟ್ಟಿದಾನೆ, ಮುಳಬಾಗಿಲಲ್ಲೂ ಕಟ್ಟಿದಾನಂತೆ."

"ಕೋಲಾರದಲ್ಲಿ ಕಟ್ಟಿದ್ರೆ ಅದು ನನ್ನ ಮುಖ ಅಲ್ವೇನೋ?"

"ನಗ್ತಾ ಚೆನ್ನಾಗಿದ್ರಿ ಅತ್ತೆ, ಅದಕ್ಕೆ."

"ಬಾಯಲ್ಲಿ ಬೆಣ್ಣೆ ಇಟ್ಕೊಂಡು ಹುಟ್ಟಿದೀಯ, ನಿಮ್ಮಪ್ಪನ ಥರಾನೇ" ಅಂದು ಭಾರತಮ್ಮ ಅಲ್ಲಿಂದ ನೇರ ಎಣ್ಣೆ ಅಂಗಡಿಗೆ ನಡೆದಳು.

ಕದಿರೇಶ ಮೊದಲು ಬೋರ್‌ವೆಲ್ ಮೋಟರ್ ಮಾರುತ್ತಿದ್ದ, ಆಮೇಲೆ ಸೈಟು, ಈಗ ಎಣ್ಣೆ. ಅವಳನ್ನು ಅಂಗಡಿಯೊಳಗೆ ಕಂಡವನು ಗಾಬರಿಯಾಗಲಿಲ್ಲ. ಮನೆಗೆ ಲಕ್ಷ್ಮಿ ಬಂದಳೆನ್ನುವ ಹಾಗೆ ಕೈಮುಗಿದ.

"ಆ ಫ್ಲೆಕ್ಸು ಇಳಿಸಪ್ಪ" ಅಂದಳು ಅವಳು.

"ಯಾಕಮ್ಮಾ? ನಿಮ್ಮ ಹೆಸರು ಹಾಕಿದೀನಾ, ಊರು ಹಾಕಿದೀನಾ? ಸುಳ್ಳೇನಿದೆ ಹೇಳಿ. ಆಗ ನಿಮ್ಮ ತಲೆ ಬೋಳಾಗಿತ್ತಾ?"

"ಆಗಿತ್ತು."

"ಈಗ ಕೂದಲು ಬಂದಿದೆಯಾ?"

"ಬಂದಿದೆ."

"ಮತ್ತೆ?"

"ನಡುವೆ ನಿನ್ನ ಸೀಸೆ ಎಲ್ಲಿಂದ ಬಂತಪ್ಪ? ತೆಗೆದವನು ಕ್ಷೌರಿಕ, ತಗೊಂಡವನು ವೆಂಕಟರಮಣ, ಬೆಳೆದದ್ದು ನನ್ನ ತಲೆ. ಕಾಗೆ ಕೂತಿದ್ದಕ್ಕೆ ಕೊಂಬೆ ಮುರೀತು ಅಂತಾರೆ. ನಿನ್ನ ಕಾಗೆ ಆ ಮರದ ಹತ್ತಿರಾನೂ ಸುಳಿದಿಲ್ಲ."

ಕದಿರೇಶ ನಕ್ಕ. ತಿಂಗಳ ಕೊನೆಯಲ್ಲಿ ಹೇಗೂ ಬದಲಾಯಿಸುತ್ತೇನೆ ಅಂದ. ಒಂದು ಸೀಸೆಯನ್ನು ಕಾಗದದಲ್ಲಿ ಸುತ್ತಿ ಮುಂದಿಟ್ಟ. ಅವಳು ಅದನ್ನು ಒಂದು ಬೆರಳಿನಿಂದ ಅವನ ಕಡೆಗೇ ತಳ್ಳಿ ಹೊರಬಂದಳು. ಅವನು ಇಳಿಸದಿದ್ದರೆ ಏನಂತೆ, ಜನಕ್ಕೆ ನಾನೇ ಹೇಳುತ್ತೇನೆ, ನಾನು ಹೇಳಿದ ಮೇಲೆ ಮುಗಿಯಿತಲ್ಲ ಎಂದು ಅವಳ ಲೆಕ್ಕ.

ಆ ಲೆಕ್ಕ ತಪ್ಪಿತು. ಮಾರನೇ ದಿನ ನೀರಿನ ಟ್ಯಾಂಕಿನ ಹತ್ತಿರ ಪಕ್ಕದ ಮನೆಯ ಶಾಮಲಮ್ಮ ಕೊಡ ಕೆಳಗಿಟ್ಟು ಹತ್ತಿರ ಸರಿದು ಕೇಳಿದಳು, "ಅಕ್ಕಾ, ಬೆಳಿಗ್ಗೆ ಹಚ್ತಿದ್ದೋ, ರಾತ್ರಿ ಹಚ್ತಿದ್ದೋ?"

"ಏನನ್ನೇ?"

"ಅದೇ, ಎಣ್ಣೆ."

"ಶಾಮಲಾ, ನೀನೂ ಚಿಕ್ಕತಿರುಪತಿಗೆ ಬಂದಿದ್ದೆ. ನೀನೂ ಮುಡಿ ಕೊಟ್ಟೆ. ನನ್ನ ಪಕ್ಕದಲ್ಲೇ ಕೂತಿದ್ದೆ."

"ಬಂದಿದ್ದೆ, ಇಲ್ಲ ಅಂದೋರು ಯಾರು? ಆದ್ರೆ ನಂದು ನೋಡು, ಇಲಿ ಬಾಲ. ನಿಂದು ಹೆಂಗೆ ಬಂದಿದೆ ನೋಡು. ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಕ್ಕಾ, ನಾನೇನೂ ಅಂದ್ಕೊಳ್ಳಲ್ಲ."

"ನಿಂದು ಹುಟ್ಟಿದಾಗಿಂದ ಇಲಿ ಬಾಲಾನೇ ಕಣೇ."

ಹೀಗೆ ಎಲ್ಲೆಲ್ಲೂ. ಅವಳು ಇಲ್ಲ ಅಂದಷ್ಟೂ ಜನ ತಲೆದೂಗಿ ಕಣ್ಣು ಮಿಟುಕಿಸಿದರು. ಅಕ್ಕ ಗುಟ್ಟು ಬಿಡುವವಳಲ್ಲ ಅಂದರು ಕೆಲವರು. ಫೋಟೋಗೆ ಏನೋ ತೊಗೊಂಡಿರಬೇಕು, ಅದಕ್ಕೇ ಈಗ ಒಳಗೊಂದು ಹೊರಗೊಂದು ಅಂದರು ಇನ್ನು ಕೆಲವರು. ಅದನ್ನೆಲ್ಲ ಅವಳು ಕೆಮ್ಮಿನ ಹಾಗೆ ಸಹಿಸಿಕೊಂಡಳು. ಆದರೆ ಗುರುವಾರ ಮುನಿರಾಮಪ್ಪ ಫೋನು ಮಾಡಿದ. ಮುಳಬಾಗಿಲಿನವನು, ಮಾತಿನಲ್ಲಿ ಅರ್ಧ ತೆಲುಗು.

"ಏಮಕ್ಕಾ, ಬಾಗುನ್ನಾವಾ? ಚೆನ್ನಾಗಿದೀರಾ? ಇಲ್ಲೂ ನಿಮ್ಮ ಫೋಟೋ ನೋಡ್ದೆ. ಸೋಮವಾರ ತೋಟ ನೋಡೋಕೆ ಬರ್ತೀನಲ್ಲ, ಈ ಸಲ ನಮ್ಮ ಪಾಲುದಾರನ್ನೂ ಕರ್ಕೊಂಡು ಬರ್ತೀನಿ. ಅವನೂ ಒಂದ್ಸಲ ಮರ ನೋಡ್ಲಿ. ಬೇರೇನಿಲ್ಲ."

ಬೇರೇನಿಲ್ಲ ಅಂದರೆ ಎಲ್ಲವೂ ಇದೆ ಎಂದೇ ಅರ್ಥ. ಇಷ್ಟು ವರ್ಷದಲ್ಲಿ ಅವಳು ನೋಡಿದ ಮರವನ್ನು ಇನ್ನೊಬ್ಬ ನೋಡಿದ್ದಿಲ್ಲ. ಭಾರತಮ್ಮ ಫೋನು ಇಟ್ಟಳು. ಅವಳಿಗೆ ಅಳು ಬರಲಿಲ್ಲ. ಯಾರನ್ನು ಮೊದಲು ಹಿಡಿಯಬೇಕು ಅನ್ನುವುದಷ್ಟೇ ಯೋಚನೆ.

ಹಿಡಿಯಬೇಕಾದವನು ಮನೆಯಲ್ಲೇ ಇದ್ದ. ಮಧ್ಯಾಹ್ನ ಹಾಸಿಗೆ ಬಿಸಿಲಿಗೆ ಹಾಕಲು ಹೋದಾಗ ಗಂಡನ ದಿಂಬಿನಿಂದ ಘಾಟು ಬಡಿಯಿತು. ಕರ್ಪೂರ, ಈರುಳ್ಳಿ, ಇನ್ನೇನೋ. ಕೋದಂಡರಾಮಪ್ಪನ ತಲೆ ನಡುವೆ ಹೊಳೆಯುವ ಬಯಲು, ಕಿವಿಯಿಂದ ಕಿವಿಗೆ ಹಿಂದೆ ಮಾತ್ರ ಬೇಲಿಯಂತೆ ಒಂದು ಸಾಲು ಕೂದಲು. ಮದುವೆಯಾದ ಕೆಲವೇ ವರ್ಷಕ್ಕೆ ಹಾಗಾದವನು, ಹಾಗೆಯೇ ಉಳಿದವನು.

"ಇದೇನು ವಾಸನೆ?" ಅಂದಳು.

"ಸೊಳ್ಳೆಗೆ ಹಚ್ಕೊಂಡೆ."

"ಸೊಳ್ಳೆ ನಡುನೆತ್ತಿ ಮೇಲೇ ಕೂರುತ್ತಾ?"

ಕೋದಂಡರಾಮಪ್ಪ ಮಂಚದ ಕೆಳಗಿನಿಂದ ಹಸಿರು ಸೀಸೆ ತೆಗೆದು, ತಪ್ಪು ಮಾಡಿದವನ ಹಾಗೆ ಅವಳ ಮುಂದಿಟ್ಟ. "ಫ್ಲೆಕ್ಸಲ್ಲಿ ನೀನೇ ಇದ್ದೆಯಲ್ಲೇ ಭಾರತಿ."

"ನಾನು ಇದನ್ನ ಹಚ್ಚಿದ್ದು ನೀವು ನೋಡಿದ್ರಾ?"

"ನೋಡಿಲ್ಲ. ವೆಂಕಟ್ ಏನಾದ್ರೂ ನಿಂಗೆ ಗುಟ್ಟಾಗಿ ತಂದುಕೊಟ್ಟಿರಬಹುದು ಅಂದ್ಕೊಂಡೆ. ನಿನ್ನ ಮುಖ ನೋಡಿದ ಮೇಲೆ ಇನ್ನೇನು ಕೇಳೋದು? ನೀನು ಯಾವತ್ತಾದ್ರೂ ಸುಳ್ಳು ಹೇಳಿದೀಯಾ?"

ಭಾರತಮ್ಮ ಸೀಸೆಯನ್ನು ನೋಡಿದಳು, ಅವನನ್ನು ನೋಡಿದಳು. "ನಿಮ್ಮ ಕಾಲಿಗೋಸ್ಕರ ಕೊಟ್ಟ ಕೂದಲು ಅದು" ಅಂದಳು ಮೆಲ್ಲಗೆ. "ಅದು ತಿರುಗಿ ಬಂದಿದ್ದಕ್ಕೆ ಕದಿರೇಶನ ಎಣ್ಣೆಗೆ ಕೈಮುಗಿದ್ರಲ್ಲ ನೀವು."

ಕೋದಂಡರಾಮಪ್ಪ ತಲೆತಗ್ಗಿಸಿದ. ತಗ್ಗಿಸಿದ ತಲೆ ಎಣ್ಣೆಗೆ ಮಿರಮಿರ ಮಿಂಚಿತು. ಅದನ್ನು ನೋಡುತ್ತಾ ನೋಡುತ್ತಾ ಭಾರತಮ್ಮನಿಗೆ ಮೊದಲು ನಗು ಬಂತು, ನಗುವಿನ ಹಿಂದೆಯೇ ದಾರಿ ಹೊಳೆಯಿತು.

"ಚಿಕ್ಕತಿರುಪತೀಲಿ ನೀವೂ ಮುಡಿ ಕೊಟ್ರಲ್ಲ?"

"ಕೊಟ್ಟೆ. ಇದ್ದಷ್ಟು ಕೊಟ್ಟೆ."

"ಭಾನುವಾರ ಬಸ್ ಸ್ಟ್ಯಾಂಡಲ್ಲಿ ಕದಿರೇಶ ಜನ ಸೇರಿಸ್ತಾನಂತೆ, ನನ್ನ ಜೊತೆ ಬನ್ನಿ. ಅಷ್ಟೇ ಮಾತು ಅಲ್ಲಿ ಹೇಳಬೇಕು."

ಭಾನುವಾರ ಕದಿರೇಶ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನ ಕೆಳಗೆ ಶಾಮಿಯಾನ ಹಾಕಿಸಿ ಉಚಿತ ಕೇಶ ತಪಾಸಣೆ ಇಟ್ಟಿದ್ದ. ಜನವೂ ಸೇರಿತ್ತು. ಸೊಪ್ಪು ಮಾರಲು ಬಂದವರು, ವೇಮಗಲ್ಲಿನ ಫ್ಯಾಕ್ಟರಿಯಿಂದ ರಜೆಗೆ ಊರಿಗೆ ಬಂದ ಹುಡುಗರು, ಮಗಳನ್ನು ಕರೆತಂದ ತಾಯಂದಿರು. ಕದಿರೇಶ ಮೈಕು ಹಿಡಿದು ಫ್ಲೆಕ್ಸಿನ ಕಡೆ ಕೈ ತೋರಿಸುತ್ತಿದ್ದಾಗ ಯಲ್ದೂರಿನ ಟೆಂಪೊ ಬಂದು ನಿಂತಿತು. ಅಂದು ಮಾಲೂರಿಗೆ ಹೋದ ಅದೇ ಟೆಂಪೊ, ಅಂದು ಮುಡಿ ಕೊಟ್ಟ ಅದೇ ಜನ. ಶಾಮಲಮ್ಮನನ್ನೂ ಬಿಡದೆ ಹತ್ತಿಸಿಕೊಂಡು ಬಂದಿದ್ದಳು ಭಾರತಮ್ಮ. ಎಲ್ಲರೂ ಇಳಿದು ಫ್ಲೆಕ್ಸಿನ ಕೆಳಗೆ, ಆ ದಿನ ಫೋಟೋಗೆ ನಿಂತಿದ್ದ ಹಾಗೆಯೇ ಸಾಲಾಗಿ ನಿಂತರು.

"ಮೈಕು ಬೇಡ, ನನ್ನ ಗಂಟಲು ಸಾಕು" ಅಂದಳು ಭಾರತಮ್ಮ. "ಮೇಲಿರೋದು ನಾನೇ. ಇವರೆಲ್ಲಾ ನನ್ನ ಜೊತೆ ಚಿಕ್ಕತಿರುಪತೀಲಿ ಮುಡಿ ಕೊಟ್ಟವರು. ಫೋಟೋದಲ್ಲಿ ತಲೆ ಮೇಲೆ ಗಂಧ ಇತ್ತು, ಅಳಿಸಿದಾರೆ. ಅಳಿಸಿದೋನು ನನ್ನ ಅಣ್ಣನ ಮಗ, ಅಲ್ಲಿ ಕಂಬದ ಹಿಂದೆ ನಿಂತಿದಾನೆ. ಶಾಮಲಾ, ನೀನು ಯಾವ ಎಣ್ಣೆ ಹಚ್ಚಿದ್ದೆ?"

"ಮನೆ ಕೊಬ್ಬರಿ ಎಣ್ಣೆ" ಅಂದಳು ಶಾಮಲಮ್ಮ, ಇಲಿ ಬಾಲವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾ. "ಮೊದಲು ಎಷ್ಟಿತ್ತೋ ಅಷ್ಟೇ ಬಂತು."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಅದನ್ನೇ ಹೇಳಿದರು. ಜನ ಗುಸುಗುಸು ಅನ್ನತೊಡಗಿತು. ಕದಿರೇಶ ಬಿಡಲಿಲ್ಲ. "ಮುಡಿ ಕೊಟ್ಟ ತಲೇಲಿ ಬೇರು ಗಟ್ಟಿ ಇರುತ್ತೆ, ಬರುತ್ತೆ. ನಮ್ಮ ಎಣ್ಣೆ ನಿಜವಾಗ್ಲೂ ಉದುರಿದೋರಿಗೆ" ಅಂದ.

"ಅದನ್ನೇ ಕೇಳೋಣ ಅಂತ ಒಬ್ಬರನ್ನ ಕರ್ಕೊಂಡು ಬಂದಿದೀನಿ" ಅಂದಳು ಭಾರತಮ್ಮ. "ಬನ್ನಿ ಈ ಕಡೆ."

ಕೋದಂಡರಾಮಪ್ಪ ಸಾಲಿನ ಕೊನೆಯಿಂದ ಮುಂದೆ ಬಂದು ತಲೆಯ ಟವೆಲ್ಲು ತೆಗೆದ. ಬಿಸಿಲು ಅವನ ನೆತ್ತಿಯ ಮೇಲೆ ಕೂತಿತು. ಅವನು ಎಂದೂ ನಾಲ್ಕು ಜನರ ಮುಂದೆ ಮಾತಾಡಿದವನಲ್ಲ. ಒಮ್ಮೆ ಹೆಂಡತಿಯನ್ನು ನೋಡಿ, ಹಿಂದಿನ ಬೇಲಿಯನ್ನು ಕೈಯಲ್ಲಿ ಸವರಿದ.

"ನಾನೂ ಮುಡಿ ಕೊಟ್ಟೆ" ಅಂದ. "ನನ್ನ ಹತ್ತಿರ ಇದ್ದಿದ್ದೇ ಇಷ್ಟು. ಕೊಟ್ಟೆ. ಇಷ್ಟೇ ತಿರುಗಿ ಬಂತು. ಆಮೇಲೆ ಈ ಫ್ಲೆಕ್ಸು ನೋಡಿ, ನಮ್ಮ ಮನೆಯವಳೇ ಇದಾಳೆ ಅಂತ ನಂಬಿ ಈ ಎಣ್ಣೆ ತಂದು ಹಚ್ಚಿದೆ. ಸೀಸೆ ಮುಗೀತಾ ಬಂತು. ಬಂದಿದ್ದು ಇಷ್ಟು." ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿದ. ಅಲ್ಲಿ ಸಾಲಾಗಿ ಕೆಂಪು ಗುಳ್ಳೆ ಎದ್ದಿದ್ದವು.

ಮೊದಲು ನಕ್ಕವರು ವೇಮಗಲ್ಲಿನ ಹುಡುಗರು. "ಅಣ್ಣಾ, ಬಿತ್ತಿದ ಬೀಜ ಮೊಳಕೆ ಒಡೆದಿದೆ ನೋಡು" ಅಂದ ಒಬ್ಬ. ಆಮೇಲೆ ಎಲ್ಲರೂ ನಕ್ಕರು, ಕೋದಂಡರಾಮಪ್ಪನೂ ನಕ್ಕ. ತಾಯಂದಿರು ಮಗಳ ಕೈ ಹಿಡಿದು ಒಬ್ಬೊಬ್ಬರಾಗಿ ಜಾರಿದರು. ಕದಿರೇಶ ಮೈಕಿನಲ್ಲಿ ಇನ್ನೂ ಏನೋ ಹೇಳುತ್ತಿದ್ದ, ಕೇಳುವವರು ಶಾಮಿಯಾನದವರು ಮಾತ್ರ.

ಏಣಿ ತಂದವನು ವೆಂಕಟ್. ಯಾರೂ ಹೇಳದೆಯೇ ಹತ್ತಿ ಫ್ಲೆಕ್ಸಿನ ಹಗ್ಗ ಬಿಚ್ಚಿದ. "ಕೋಲಾರದ್ದೂ ಮುಳಬಾಗಿಲದ್ದೂ ಇವತ್ತೇ ಇಳಿಸ್ತೀನಿ ಅತ್ತೆ" ಅಂದ ಮೇಲಿನಿಂದಲೇ.

"ಇಳಿಸಿ ಮನೆಗೆ ಬಾ. ಊಟಕ್ಕೆ ಬಾ. ಬೈಯೋದು ಇನ್ನೂ ಬಾಕಿ ಇದೆ."

ಸೋಮವಾರ ಬೆಳಿಗ್ಗೆ ಮುನಿರಾಮಪ್ಪ ತೋಟ ನೋಡಲು ಬಂದಾಗ ಕೋದಂಡರಾಮಪ್ಪ ಅಂಗಳದಲ್ಲಿ ಹುಣಸೆಹಣ್ಣು ಒಣಗಿಸಲು ಫ್ಲೆಕ್ಸು ಹಾಸುತ್ತಿದ್ದ. ಹೆಂಡತಿಯ ಮುಖದ ಮೇಲೆ ಹುಣಸೆಹಣ್ಣು ಸುರಿಯಲು ಮನಸ್ಸು ಬಾರದೆ, ಬಿಳಿ ಮಗ್ಗುಲು ಮೇಲೆ ಮಾಡಿ ಹಾಸಿದ್ದ. ಮುನಿರಾಮಪ್ಪ ಒಬ್ಬನೇ ಬಂದಿದ್ದ.

"ಪಾಲುದಾರ ಎಲ್ಲಪ್ಪ?" ಅಂದಳು ಭಾರತಮ್ಮ.

"ಅವನಿಗೇನೋ ಕೆಲಸ ಬಂತಕ್ಕಾ."

"ಬರಲಿ ಬಿಡು. ಕೆಲಸ ಇರೋದು ಒಳ್ಳೇದೇ."

ದೊಡ್ಡ ಬಾದಾಮಿ ಮಾವಿನ ಮರದ ಕೆಳಗೆ ನಿಂತು ಅವಳು ತಲೆಯೆತ್ತಿದಳು. ಕೂದಲು ಹಿಂದಕ್ಕೆ ಬಿತ್ತು. ಎಲೆಯ ಸಂದಿನಲ್ಲಿ ಪುಟ್ಟ ಕಾಯಿಗಳು ಗೊಂಚಲು ಗೊಂಚಲಾಗಿ ತೂಗುತ್ತಿದ್ದವು. "ಈ ಸಲ ಅರ್ಧ ನಿಲ್ಲುತ್ತೆ" ಅಂದಳು. "ಅರ್ಧ ಗಾಳಿಗೆ. ಜಾಸ್ತಿ ಹೇಳಲ್ಲ, ಕಡಿಮೆ ಹೇಳಲ್ಲ."

ಮುನಿರಾಮಪ್ಪ ಮರದ ಕಡೆ ನೋಡಲಿಲ್ಲ. "ಸರಿ ಅಕ್ಕಾ" ಅಂದ. "ಮುಂದಿನ ಮರ?"