ಗಾದಿಗೋ, ಕಂಡಕ್ಕೋ

ರೆಗ್ಜಿನ್ ಮಂಚ ಹೊಟ್ಟಿಗೆ ತಣ್ಣಗ ಹತ್ತಿತು, ಬೆನ್ನು ಮಾತ್ರ ಧಗಧಗ ಉರಿಯಾಕತ್ತೈತಿ, ಯಾ ಅಲ್ಲಾ, ನಿನ್ನೆ ಮಧ್ಯಾಹ್ನದ ತನಕ ಈ ಉರಿ ಇರಲೇ ಇಲ್ಲಲ್ಲ — ಹಾವೇರಿ ದವಾಖಾನ್ಯಾಗ ಬೋರಲು ಬಿದ್ದ ಬುಡನಸಾಬನಿಗೆ ಗ್ವಾಡಿ ಆಚಿ ಯಾರೋ ಕೆಮ್ಮಿದ್ದು ಕೇಳಿತು, ಬ್ಯಾಡಗಿ ಮಾರ್ಕೆಟ್ಟಿನ್ಯಾಗೂ ಹಿಂಗ ಎಲ್ಲಾರೂ ಕೆಮ್ಮತಾರ, ಅಲ್ಲೇ ಮೆಣಸಿನಕಾಯಿ ಚೀಲ ಹೊರೂವಾಗ ನಡಾ ಕಳಕ್ ಅಂದಿದ್ದು, ಎಲುಬಿನ ನಡುವಿನ ಗಾದಿ ಜಾರಿ ನರಾ ಒತ್ತಾಕತ್ತೈತಿ ಅಂತ ಡಾಕ್ಟ್ರು ಸ್ಕ್ಯಾನ್ ಫೋಟೋ ತೋರಿಸಿದ್ರು, ಆ ಫೋಟೋದ ಮ್ಯಾಲೆ ರಸೂಲಬಿ ತನ್ನ ಕೆಂಪು ಬೆರಳು ಇಟ್ಟು, ಇಷ್ಟ ಸಣ್ಣದು ನನ್ನ ಗಂಡನ್ನ ಕೆಡವಿತೇನ್ರಿ ಅಂದಿದ್ದಳು. ಓಝೋನ್ ಅಂತ ಗಾಳಿ ಐತಂತ, ಸೂಜೀಲೆ ಬಿಟ್ರ ಗಾದಿ ಕುಗ್ಗತೈತಂತ, ಸೈಕಲ್ಲಿಗೆ ಬಿಡೂ ಗಾಳಿ ಉಬ್ಬಸತೈತಿ, ಇದು ಕುಗ್ಗಸತೈತಿ, ಮನುಷ್ಯಾ ಏನಂತ ತಿಳೀಬೇಕು! ರಾಣೇಬೆನ್ನೂರಿನ ಡಾಕ್ಟ್ರು ಅಂಜಲಿ ಮೇಡಂ ಅಂದ್ರು, ಎಲುಬಿನ ಬಾಜೂ ಮಾಂಸದ ಕಂಡಕ್ಕ ಕೊಡೂಣು, ಮತ್ತ ಮತ್ತ ಬರಬೇಕಾಗತೈತಿ, ನಿಧಾನ ಆದ್ರೂ ಅಂಜಿಕಿ ಕಮ್ಮಿ. ಇಲ್ಲಿ ಅಂದಾನೆಪ್ಪ ಡಾಕ್ಟ್ರು ಅಂತಾರ, ಮಶೀನಿನ್ಯಾಗ ನೋಡಕೋಂತ ನೆಟ್ಟಗ ಗಾದಿಗೇ ಬಿಡೂಣು, ಒಂದ ಸಲಕ್ಕ ಆದ್ರೂ ಆದೀತು, ಆದ್ರ ಸೂಜಿ ಆಳಕ್ಕ ಹೋಗತೈತಿ, ಒಳಗ ನಂಜು ಆಗಬಾರದು. ಇಬ್ರೂ ಖರೇನ ಹೇಳಾಕತ್ತಾರ, ತ್ರಾಸು ಇರೂದ ಅಲ್ಲಿ. ಬುಡನಸಾಬನಿಗೇನು, ಕುರ್ಚಿ ಬಿಟ್ಟು ನೆಲಕ್ಕ ಹಣಿ ಹಚ್ಚಿ ನಮಾಜು ಮಾಡಬೇಕು, ಅಷ್ಟ ಸಾಕು, ಮೊಮ್ಮಕ್ಕಳ ಮುಂದ ಕುರ್ಚಿ ಮ್ಯಾಲೆ ಕುಂತು ಮಾಡಾಕ ನಾಚಿಕಿ ಬರತೈತಿ.

ಉರಿ ಎಲ್ಲೈತಿ ಬುಡನಸಾಬ್ರ, ಡಾಕ್ಟ್ರು ಕೇಳಾಕತ್ತಾರ, ಕಾಲಿಗೆ ಇಳೀತೈತೋ ನಡದಾಗ ನಿಲ್ಲತೈತೋ, ಅದರ ಮ್ಯಾಲೆ ಐತಿ ನೋಡ್ರಿ ಗಾದಿಗೋ ಕಂಡಕ್ಕೋ ಅನ್ನೂದು — ಮೊನ್ನಿ ತನಕ ಹಿಮ್ಮಡಿ ತನಕ ಇಳೀತಿತ್ತು, ಈಗ ಬೆನ್ನಿನ ಉರಿ ಮುಂದ ಕಾಲು ಐತೋ ಇಲ್ಲೋ ಗೊತ್ತಾಗವಲ್ದು, ತಪ್ಪು ಹೇಳಿದ್ರ ತಪ್ಪು ಜಾಗಾಕ್ಕ ಸೂಜಿ. ಅರೆ, ಇದೇನ್ರಿ, ಚರ್ಮಕ್ಕ ಗುಳ್ಳಿ ಎದ್ದಾವು, ಏನ್ ಹಚ್ಚೀರಿ? ಕೊಬ್ಬರಿ ಎಣ್ಣಿ ಸರ್, ಬರೇ ಎಣ್ಣಿ, ಅಂದ, ಅಂದ ಮ್ಯಾಲೆ ನೆನಪಾತು, ನಿನ್ನೆ ಸಂಜಿಮುಂದ, ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದಾಕಿನ ರಸೂಲಬಿ, ಮಲಗ್ರಿ ತಿಕ್ಕತೇನಿ, ನಾಳೆ ಸೂಜಿ ಐತಲ್ಲ ಅಂದಿದ್ದಳು — ಬ್ಯಾಡಗಿ ಕಾಯಿಗೆ ಖಾರ ಎಲ್ಲೈತಿ, ಬರೇ ಬಣ್ಣ, ಆದ್ರ ನಿನ್ನೆ ಬಂದದ್ದು ಗುಂಟೂರು ಕಾಯಿ ಅಂದಿದ್ದಳಲ್ಲ, ಹೌದು, ಅಂದಿದ್ದಳು, ಕೈ ತೊಳಕೊಂಡಿದ್ದಳು, ಖಾರ ಹೋಗೇತೋ ಇಲ್ಲೋ ಆ ಬೆರಳಿಗೆ ಹೆಂಗ ತಿಳೀಬೇಕು, ಲಗ್ನ ಆದಾಗಿಂದ ಅದ ಕೆಲಸ, ಅವಕ್ಕ ಉರಿ ಅನ್ನೂದ ಮರ್ತ ಹೋಗೇತಿ. ಹೇಳಿದ್ರ? ಇನ್ನ ಜನ್ಮದಾಗ ಬೆನ್ನು ಮುಟ್ಟಾಂಗಿಲ್ಲ ಆಕಿ, ಆ ಕೈ ಇಲ್ಲದ ಅವನಿಗೆ ನಿದ್ದಿ ಎಲ್ಲಿಂದ ಬರಬೇಕು. ಎಣ್ಣಿ ಹಳೇದಿತ್ತು ಸರ್, ಅಂದುಬಿಟ್ಟ. ಹಂಗಾದ್ರ ಇವತ್ತು ಎಲ್ಲೂ ಚುಚ್ಚೂದು ಬ್ಯಾಡ, ಮೊದಲು ಚರ್ಮ ಮಾಯಲಿ, ಏಳ್ರಿ. ಏಳಾಕ ಯಾವಾಗ್ಲೂ ಆಕಿನ ಕೈ ಕೊಡತಾಳ, ಹೊರಳಿ ನೋಡಿದ, ಬಾಗಲಾಗ ನಿಂತಾಳ, ಗುಳ್ಳಿ ಮಾತು, ಎಣ್ಣಿ ಸುಳ್ಳು, ಎಲ್ಲಾ ಕೇಳ್ಯಾಳ, ರಸೂಲಬಿ ಕೈ ಕೊಡ, ಕೈ ಕೊಡ ಮಾರಾಯ್ತಿ — ಸೆರಗಿನ್ಯಾಗ ಸುತ್ತಿಕೊಂಡ ಕೆಂಪು ಬೆರಳು, ಕೆಂಪು ಬೆರಳು, ಹೊರಗ ಬರವಲ್ಲವು.