ನಕ್ಷೆಯಲ್ಲಿ ಇಲ್ಲದ ಕೇರಿ

ಹದಿನೆಂಟು ವರ್ಷ ಅಳತೆಯ ಸರಪಳಿ ಎಳೆದು ಅವನ ಅಂಗೈ ಒಣಗಿದ ತೊಗಲಿನಂತಾಗಿತ್ತು. ಮೊಣಕಾಲುದ್ದ ಕೆಸರಿಗೆ ಇಳಿಯುವವನು ಅವನು. ಬದುವಿನ ಮೇಲೆ ಕೊಡೆ ಹಿಡಿದು ಬರೆದುಕೊಳ್ಳುವವರು ಸರ್ವೇ ಸಾಹೇಬರು. ಸ್ವಂತಕ್ಕೆ ಗೇಣು ನೆಲವಿಲ್ಲದಿದ್ದರೂ ಸುತ್ತಲಿನ ಗದ್ದೆಗಳ ಉದ್ದಗಲವೆಲ್ಲ ಅವನಿಗೆ ಬಾಯಿಪಾಠ. ಜನ ಅವನನ್ನು ಸರಪಳಿಯಣ್ಣ ಎನ್ನುತ್ತಿದ್ದರು.

ಅವತ್ತು ಸಾಹೇಬರು ಊರಿನ ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿದ್ದರು. ನದಿಗೆ ನೀಲಿ, ಗದ್ದೆಗೆ ಹಸಿರು, ಧಾನ್ಯದ ಗೋದಾಮಿಗೆ ಕೆಂಪು. ಕಾಲುವೆಯ ಪಕ್ಕದಲ್ಲೊಂದು ದೊಡ್ಡ ಕೆಂಪು ಚೌಕ.

"ಸಾರ್, ಇದು ನಮ್ಮ ಕೇರಿ ಅಲ್ವಾ? ನೂರಾ ಹತ್ತು ಮನೆ ಇದೆ."

"ಖಾಲಿ ಜಾಗ ಕಣಯ್ಯ ಅದು. ಗೋದಾಮಿಗೆ ಕೊಟ್ಟಾಯ್ತು. ನಾಳೆ ಗಡಿಕಲ್ಲು ನೆಡಬೇಕು, ಬೇಗ ಬಾ."

"ನಾವಿದ್ದೀವಲ್ಲ ಸಾರ್?"

"ಇದ್ದರೆ ಕಾಗದ ಇರಬೇಕಿತ್ತು. ಹಳೇ ದಾಖಲೆಯಲ್ಲಿ ಜೌಗು ಅಂತಿದೆ. ಜೌಗನ್ನ ಸರ್ಕಾರ ಗದ್ದೆ ಮಾಡ್ತು ಅಂತಿದೆ. ನಿಮ್ಮ ಹೆಸರು ಎಲ್ಲೂ ಇಲ್ಲ."

ಮನೆಗೆ ಬಂದು ಹೇಳಿದಾಗ ಅವ್ವ ಮೊರ ಕೆಳಗಿಟ್ಟಳು.

"ಸರ್ಕಾರ ಗುದ್ದಲಿ ಹಿಡಿದಿದ್ದನ್ನ ನಾನು ಕಾಣೆನಪ್ಪ. ನಿಮ್ಮಪ್ಪ ಹಿಡಿದಿದ್ದು ಕಂಡಿದೀನಿ. ಬಸುರಿ ನಾನು, ಮಣ್ಣು ಹೊರ್ತಾ ಇದ್ದೆ. ನಿನ್ನ ಅಕ್ಕ ಆ ಕೆಸರಲ್ಲೇ ಹುಟ್ಟಿ ಆ ಕೆಸರಲ್ಲೇ ಕಣ್ಣು ಮುಚ್ಚಿದ್ಲು. ಅವಳನ್ನ ಹೂಳಿದ ಜಾಗ ಖಾಲಿನಾ?"

ಅವನು ಮೊರವನ್ನು ಎತ್ತಿ ಗೋಡೆಗೆ ಒರಗಿಸಿದ.

"ನಾಳೆ ಸರಪಳಿ ಹಿಡೀತೀಯ?"

"ಹಿಡಿದೇ ಹಿಡೀತೀನಿ ಅವ್ವ," ಎಂದ.

ಬೆಳಿಗ್ಗೆ ಕಲ್ಲು ತುಂಬಿದ ಲಾರಿ ಬಂತು. ಸಾಹೇಬರು ಕಾಲುವೆಯ ಕಡೆ ಕೈ ತೋರಿಸಿದರು. ಅವನು ಆ ಕಡೆ ಹೋಗಲಿಲ್ಲ. ಮೊದಲ ಗುಡಿಸಲಿನ ಹೊಸಿಲಿಗೆ ಸರಪಳಿಯ ತುದಿ ಊರಿ ಹಿತ್ತಲ ಗೋಡೆಯವರೆಗೆ ಎಳೆದ.

"ಬರ್ಕೊಳ್ಳಿ ಸಾರ್. ಒಂದನೇ ಮನೆ. ಉದ್ದ ಹದಿನಾರು ಅಡಿ. ಒಳಗೆ ಏಳು ಜನ."

"ತಲೆ ಕೆಟ್ಟಿದೆಯಾ ನಿನಗೆ? ಇವತ್ತೇ ಕೆಲಸದಿಂದ ಕಿತ್ತು ಹಾಕ್ತೀನಿ!"

"ಕೀಳಿ ಸಾರ್. ಎರಡನೇ ಮನೆ. ಹದಿನಾಲ್ಕು ಅಡಿ. ಒಬ್ಬಳು ಮುದುಕಿ, ಎರಡು ಮಕ್ಕಳು."

ಸಾಹೇಬರು ಪೆನ್ನು ಮುಚ್ಚಿ ಜೇಬಿಗಿಟ್ಟು ಲಾರಿ ಹತ್ತಿದರು. "ಪೊಲೀಸರನ್ನ ಕರ್ಕೊಂಡೇ ಬರ್ತೀನಿ," ಎಂದು ಕೂಗಿದರು.

ಪಕ್ಕದ ಮನೆಯವಳು ಸರಪಳಿಯ ಇನ್ನೊಂದು ತುದಿ ಹಿಡಿದಳು. ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ಲೆಕ್ಕ ಬರೆಯತೊಡಗಿದರು. ಗದ್ದೆಗೆ ಹೊರಟಿದ್ದವರು ವಾಪಸು ಬಂದರು. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ನಡೆದರು.

ಕಾಲುವೆ ಏರಿಯ ಮೇಲೆ ಜೀಪುಗಳ ಧೂಳು ಎದ್ದಾಗ ನಲವತ್ತೇಳನೇ ಮನೆಯ ಅಳತೆ ನಡೆದಿತ್ತು. ಯಾರೂ ಕದಲಲಿಲ್ಲ.

"ನಲವತ್ತೇಳು!" ಎಂದು ಅವನು ಕೂಗಿದ.

ಇಡೀ ಕೇರಿ ಅದನ್ನೇ ಕೂಗಿತು.